ಚಕ್ಲಿಗೆ ತಂದ ಉಡಿ

ನಗ್ರಿ, ನಗ್ರಿ ಸಾವಂತ್ರಕ್ಕಾ. ನಾನೂ ರಿಕ್ಷಾದಾಗ ನಕ್ಕೋತನ ಬಂದೀನಿ. ಎಂ.ಎ. ಕಲ್ತ ಹೆಂಗಸು, ತಲೀ ಅರ್ಧಾ ಬೆಳ್ಳಗಾಗೇದ, ತೊಡಿ ಮ್ಯಾಲೆ ನಾಯಿ ಕೂಡಿಸಿಕೊಂಡು ಸಹಕಾರನಗರದಿಂದ ಧಾಯರಿ ತನಕ ವರನ ಮನಿ ಹುಡುಕಿಕೊಂಡು ಬರೋದಂದ್ರ... ರಿಕ್ಷಾದವ ಮರಾಠ್ಯಾಗ ಕೇಳಿದ, ‘ತಾಈ, ದವಾಖಾನ್ಯಾತ್ ಕಾ?’ ಅಂತ. ದವಾಖಾನಿಗಲ್ಲಪಾ, ಲಗ್ನಕ್ಕ ಹೊಂಟೀವಿ ಅಂದೆ. ಅಲ್ಲಿಂದ ಅವ ರಸ್ತೆ ನೋಡಿದ್ದು ಕಡಿಮಿ, ಕನ್ನಡಿಯೊಳಗ ನನ್ನ ನೋಡಿದ್ದ ಹೆಚ್ಚು.

ಚಹಾ ಆಮ್ಯಾಲೆ ಕುಡಿಯೋಣಂತ, ಕೂಡ್ರಿ. ನಿಮ್ಮ ಗುಂಡ ನೋಡ್ರಿ, ಅಡಿಗಿಮನಿ ಬಾಗಲಾ ಹ್ಯಾಂಗ ಕೆರೀಲಿಕ್ಕತ್ತಾನ. ವಾಸನಿ ಬಡದದ ಅವಗ. ಅಲ್ಲಾ, ನಮ್ಮೊಳಗ ಗಂಡಿನವರು ಹೆಣ್ಣಿನ ಮನಿಗೆ ಬಂದು, ಅವಲಕ್ಕಿ ತಿಂದು, ಆಮ್ಯಾಲೆ ತಿಳಸ್ತೀವಿ ಅಂತ ಹೇಳಿ ಹೋಗ್ತಾರ. ನಾಯಿಗಳೊಳಗ ಹೆಣ್ಣ ಎದ್ದು ಗಂಡಿನ ಮನಿಗೆ ಬರಬೇಕಂತ. ಇರ್ಲಿ, ನಾವು ಹೆಣ್ಣಿನವರು, ಬಗ್ಗೇ ಬಂದೀವಿ. ಹುಟ್ಟಿದ ಮರಿಯೊಳಗ ಮೊದಲ ಆರಿಸಿಕೊಳ್ಳೋರು ನೀವು. ಚೆಂದಂದು, ಬೆಳ್ಳಂದು, ಬೇಕಾದ್ದು ತಗೋರಿ. ನನಗ ಒಂದು ಉಳಿಸಿದ್ರ ಸಾಕು. ಕುಂಟಿದ್ರೂ ನಡೀತದ, ಕುರುಡಿದ್ರೂ ನಡೀತದ.

ಚೀಲದಾಗೇನು ಅಂತೀರಿ? ಬರಿಗೈಲೆ ಹ್ಯಾಂಗ ಬರ್ಲಿ ವರನ ಮನಿಗೆ. ಇಕಾ... ಇಳಕಲ್ಲ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು. ಉಡಿ. ಚಕ್ಲಿಗೆ. ನಾಯಿಗೆ ಯಾರರ ಉಡಿ ತುಂಬ್ತಾರೇನು ಅಂತ ಕೇಳಬ್ಯಾಡ್ರಿ ಮತ್ತ. ನಿಮ್ಮ ಮಗ ಚನ್ನವೀರ ಹೊಸಾ ಕಾರು ತಂದಾಗ ನೀವು ಕುಂಕುಮ ಹಚ್ಚಿ, ಆರತಿ ಮಾಡಿ, ಮಾಲಿ ಹಾಕಿದ್ರಿ. ಅದೇನು ಬಾಣಂತನ ಮಾಡಿಸ್ಕೊಳ್ಳೋದಿತ್ತೇನು?

ನಕ್ರಲ್ಲ. ಹಾಂ, ಇನ್ನ ಎದ್ದು ಆ ಚಿಲಕಾ ತಗೀರಿ.

ಇವರಿಗಾ? ಇವರಿಗೆ... ಕಾಯಿಪಲ್ಲೆ ತರ್ತೀನಿ ಅಂತ ಹೇಳಿ ಬಂದೀನಿ. ತೆಂಗಿನಕಾಯಂತೂ ತಂದೀನಲ್ಲ, ಅರ್ಧಾ ಖರೇ ಆತು. ನಾಯಿ ಕರಕೊಂಡು ಕಾಯಿಪಲ್ಲೆಗೆ ಯಾರು ಹೋಗ್ತಾರ ಅಂತ ಅವರು ಕೇಳಲಿಲ್ಲ. ಈಗೀಗ ಅವರು ಏನೂ ಕೇಳೂದಿಲ್ಲ ಅಕ್ಕಾ. ಪೇಪರ್ ಹಿಡದು ಕೂತ್ರ, ಹಾಳಿ ತಿರುವೋ ಸಪ್ಪಳಾನೂ ಇಲ್ಲ.

ಅವರದು ಒಂದ ಮಾತು. ಇಂದೂ, ಆಪರೇಶನ್ ಮಾಡಿಸಿಬಿಡೋಣ. ಗರ್ಭಚೀಲ ತಗಸಿಬಿಡೋಣ, ನಾಯಿ ಆರಾಮ ಇರ್ತದ. ಡಾಕ್ಟರೂ ಹಂಗ ಅಂದ್ರು. ಯಾಕ ಅಂದ್ರ... ಯಾಕ ಅಂತ ಏನದ ಅಕ್ಕಾ, ಪುಣೇದಾಗ ಯಾವ ಡಾಕ್ಟರ್ ಕಡೆ ಹೋದ್ರೂ ಹೆಣ್ಣು ನಾಯಿಗೆ ಅದನ್ನ ಹೇಳ್ತಾರ. ಗಡ್ಡಿ ಆಗ್ತದ, ಕೀವು ಆಗ್ತದ, ಓಣಿ ತುಂಬ ಮರಿ ಆಗ್ತಾವ. ಹೇಳೋದು ಅವರ ಕೆಲಸ. ಈಗಿನ ಬೆದಿ ಮುಗೀಲಿ, ಆಮ್ಯಾಲೆ ಕರಕೊಂಡು ಬರ್ರಿ ಅಂದಾರ. ಅಂದ್ರ ಈಕಿಗೆ ಇದ ಕಡೀ ಸಲ. ಅದಕ್ಕ ಓಡಿ ಬಂದೀನಿ. ಇವತ್ತು ಬಿಟ್ರ ಇಲ್ಲ.

ಬ್ಯಾಡ ಅನ್ನೂದಿಲ್ಲರಿ ನಾ. ಮಾಡಿಸ್ತೀನಿ. ನಾನ ಕೂತು ಮಾಡಿಸ್ತೀನಿ. ಒಂದ ಬಾಣಂತನ ಆಗ್ಲಿ, ಆಮ್ಯಾಲೆ.

ಬೇರೆ ಮರಿ ತಗೋಬಹುದು, ಹೌದ್ರಿ. ಎಲ್ಲಾರೂ ಅದನ್ನ ಅಂತಾರ. ನಮ್ಮ ನೆಗೆಣ್ಣಿ ಫೋನಿನಾಗ ಫೋಟೋ ಕಳಸ್ತಾಳ, ಇದು ನೋಡ್ರಿ ವೈನಿ, ಎಷ್ಟು ಮುದ್ದ ಅದ, ಅಂತ. ಮುದ್ದ ಅದ. ಯಾರು ಇಲ್ಲಂದ್ರು?

ಆದ್ರ ಇದು ನಮ್ಮ ಕೇತಕಿದು.

ನಿಮಗ ನೆನಪಿರಬೇಕು, ನೀವಾಗ ನಮ್ಮ ಕೆಳಗಿನ ಮನ್ಯಾಗ ಇದ್ರಿ. ಕಾಲೇಜಿನ ಚೀಲದಾಗ ಹಾಕ್ಕೊಂಡು ಬಂದಿದ್ಲು. ಬಾಲಾ ನೋಡಿ ಚಕ್ಲಿ ಅಂತ ಹೆಸರಿಟ್ಲು. ನಿಮ್ಮ ಕಡೆ ರೊಟ್ಟಿ ಇಸಕೊಂಡು ಅರ್ಧಾ ತಾ, ಅರ್ಧಾ ಇದಕ್ಕ. ನೀವು ಬೈತಿದ್ರಿ, ‘ಜ್ವಾಳದ ರೊಟ್ಟಿ ನಾಯಿಗೆ ಹಾಕ್ತಿಯಲ್ಲ, ಭಟ್ಟರ ಹುಡುಗಿ, ಒಲಿ ಮುಂದ ಕೂತು ನೋಡು ಒಮ್ಮೆ’ ಅಂತ. ಮತ್ತ ಮರುದಿನ ನಾಯಿ ಪಾಲಿಂದು ಬ್ಯಾರೆ ಬಡದು ಇಡತಿದ್ರಿ.

ಆಕಿ ಹೋಗಿ ವರ್ಷಾತು. ಈಗೂ ಇದು, ಕೆಳಗ ಯಾವುದರ ಸ್ಕೂಟಿ ನಿಂತ್ರ ಸಾಕು, ಎದ್ದು ಬಾಗಲಕ್ಕ ಓಡ್ತದ. ಓಡ್ತದ ಅಂದ್ರ... ಹೋಗ್ತದ. ಹೊಸ್ತಿಲಕ್ಕ ಮೂಗು ಹಚ್ಚಿ ನಿಲ್ತದ. ನಾವಿಬ್ರೂ ಟಿ.ವಿ. ಸಪ್ಪಳ ಕಡಿಮಿ ಮಾಡ್ತೀವಿ. ಯಾಕ ಮಾಡ್ತೀವಿ ಅಂತ ಅವರೂ ಅನ್ನೂದಿಲ್ಲ, ನಾನೂ ಅನ್ನೂದಿಲ್ಲ. ಸ್ವಲ್ಪ ಹೊತ್ತು ಮನ್ಯಾಗ ಮೂರೂ ಮಂದಿ ಬಾಗಲಾ ನೋಡಿಕೋತ ಇರ್ತೀವಿ. ನಾಳೆ ಇದೂ ಹೋದ್ರ ನಮ್ಮ ಮನ್ಯಾಗ ಆಕಿ ಹಾದಿ ಕಾಯೋರು ಯಾರು ಹೇಳ್ರಿ? ನಮಗಂತೂ ಗೊತ್ತದಲ್ಲ, ಬರಾಂಗಿಲ್ಲ ಅಂತ. ಗೊತ್ತಿಲ್ಲದವರೊಬ್ರು ಬೇಕಾಗ್ತದ ಅಕ್ಕಾ, ಮನ್ಯಾಗ.

ನೀವೇನು ಅಂತೀರಿ ಗೊತ್ತದ. ಹುಟ್ಟೋ ಮರಿಗೆ ಕೇತಕಿ ಹ್ಯಾಂಗ ಗೊತ್ತಾಗ್ತಾಳ ಅಂತೀರಿ. ಅದಕ್ಕೂ ವಿಚಾರ ಮಾಡೀನಿ. ನಮ್ಮವ್ವ ಹೊಲಿದ ಕೌದಿ ಅದ, ಆಕಿ ಹುಟ್ಟಿದಾಗ ಮೊದಲ ಅದರ ಮ್ಯಾಲ ಹಾಕಿದ್ವಿ. ಹಾಸ್ಟೆಲ್ಲಿಗೂ ಒಯ್ದಿದ್ಲು, ಕಡೀತನಕ ಅದನ್ನ ಹೊಚ್ಕೊಂಡ್ಲು. ಅದನ್ನ ಒಗದಿಲ್ಲ ನಾ. ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕಿ ಕಪಾಟಿನಾಗ ಇಟ್ಟೀನಿ. ಬಿಚ್ಚೂದಿಲ್ಲ, ಬಿಚ್ಚಿದ್ರ ವಾಸನಿ ಹೋಗ್ತದಲ್ಲ. ಚಕ್ಲಿ ಹಡಿಯೋವಾಗ ಅದನ್ನ ಹಾಸ್ತೀನಿ. ಕಣ್ಣು ತಗಿಯೂಕಿಂತ ಮೊದಲ ಮರಿಗೆ ಮೂಗು ಬರ್ತದಂತ. ಹುಟ್ಟಿದ ಕೂಡ್ಲೆ ಅದಕ್ಕ ಮೊದಲ ಗೊತ್ತಾಗೋದು... ಆಕಿ.

ಈಗ ನಗವಲ್ರಿ. ಇಷ್ಟೊತ್ತು ನಗತಿದ್ರಿ.

ಅಕ್ಕಾ, ಹೊತ್ತಾತು. ತಗೀರಿ ಚಿಲಕಾ. ಗುಂಡ ಬಾಗಲಾ ಮುರೀತಾನ ಇನ್ನ. ನಾ ಚಕ್ಲಿನ್ನ ಹಿಡಕೊಂಡೀನಿ... ಅದರ ಬೆನ್ನ ಮ್ಯಾಲೆ ಕೈ ಆಡಿಸ್ರಿ, ನಿಮ್ಮ ಗುರುತದ ಅದಕ್ಕ. ಹೂಂ. ನೋಡ್ರಿ ಹ್ಯಾಂಗ ಕಣ್ಣು ಮುಚ್ತು.

ಅಲ್ಲಿ ಬ್ಯಾಡ. ಸೊಂಟಾ ಬ್ಯಾಡ್ರಿ, ಅಲ್ಲಿ ಒತ್ತಬ್ಯಾಡ್ರಿ, ಅದಕ್ಕ...

ಏನಿಲ್ರಿ. ಹಿಂಗ ಒಮ್ಮೊಮ್ಮೆ ಒದರ್ತದ. ಟೈಲ್ಸ್ ಮ್ಯಾಲೆ ಜಾರಿ ಬಿದ್ದಿತ್ತು. ಯಾವಾಗಂದ್ರ... ಯಾವಾಗೋ. ಸಣ್ಣ ಪೆಟ್ಟು. ನಡೀತದಲ್ಲ, ನೋಡಿದ್ರಲ್ಲ ನೀವು, ಬಾಗಲದಿಂದ ಇಲ್ಲೀ ತನಕ ನಡಕೊಂಡ ಬಂತು. ಸ್ವಲ್ಪ ವಾಲ್ತದ, ಅಷ್ಟ. ಮಾಡರ್ನ್ ಹುಡುಗಿ, ವಯ್ಯಾರ ಮಾಡ್ತಾಳ.

ಹಂಗ್ಯಾಕ ನೋಡ್ತೀರಿ?

ಅಕ್ಕಾ, ಹಂಗ ನೋಡಬ್ಯಾಡ್ರಿ. ಕೈಯರ ತಗೀರಿ ಅದರ ಸೊಂಟದ ಮ್ಯಾಲಿಂದ. ಏನರ ಅನ್ರಿ. ಬೈರಿ ಬೇಕಾದ್ರ.

ಅದು ಮನ್ಯಾಗ ಇರಲಿಲ್ಲ. ಆವತ್ತು. ನಾವ ಎಲ್ಲಾರಿಗೂ ಹೇಳೀವಿ, ನಾಯಿ ಮನ್ಯಾಗಿತ್ತು ಅಂತ. ಸ್ಕೂಟಿ ಮ್ಯಾಲೆ ಇತ್ತು ಅಕ್ಕಾ. ಮುಂದ, ಆಕಿ ಕಾಲಾಗ. ಅಂತ್ಯಸಂಸ್ಕಾರಕ್ಕ ಬಂದ ಮಂದಿ ಎದುರಿಗೇ ಅಂತಿದ್ರು, ನಾಯಿ ಕೂಡಿಸಿಕೊಂಡು ಗಾಡಿ ಹೊಡೀತಾರೇನು ಯಾರರ, ಅಂತ. ಸುಮ್ಮನ ಊಹಾ ಮಾಡಿ ಅಂತಿದ್ರು, ಗೊತ್ತಿರಲಿಲ್ಲ ಅವರಿಗೆ. ಇವರು ಒಮ್ಮೆಲೆ ಎದ್ದು ನಿಂತು ಅಂದ್ರು, ‘ಚಕ್ಲಿ ಮನ್ಯಾಗಿತ್ತು.’ ಅಷ್ಟ. ಜೀವನದಾಗ ಅವರು ಹೇಳಿದ ಒಂದ ಸುಳ್ಳು ಇರಬೇಕು. ಆಮ್ಯಾಲೆ ನಾನೂ ಅದನ್ನ ಹೇಳ್ದೆ. ನನ್ನ ಮಗಳ ತಪ್ಪು ಅಂತ ಯಾರೂ ಅನ್ನಬಾರದು, ಇದರ ತಪ್ಪು ಅಂತನೂ ಅನ್ನಬಾರದು. ಟ್ರಕ್ಕಿನವನ ತಪ್ಪು. ಅವಂದ.

ಎಲುಬು ಕೂಡ್ಯಾವ. ಆದ್ರ ಸೊಟ್ಟ ಕೂಡ್ಯಾವ. ಒಳಗ ಹಾದಿ ಸಣ್ಣಾಗೇದಂತ. ಮರಿ... ಬರಾಂಗಿಲ್ಲಂತ. ಹೊಟ್ಟಿ ಕೊಯ್ದು ತಗೀಬಹುದಲ್ಲರಿ ಅಂತ ನಾನ ಕೇಳೀನಿ. ತಗೀಬಹುದು, ಮರಿ ಉಳಿದರೂ ಉಳೀಬಹುದು, ತಾಯಿದು ಹೇಳಾಂಗಿಲ್ಲ ಅಂದ್ರು. ಆಪರೇಶನ್ ಆಗೋತನಕ ಗಂಡು ನಾಯಿ ನೆರಳೂ ಬೀಳಬಾರದು, ಬಾಗಲಾ ಹಾಕ್ಕೊಂಡು ಕೂಡ್ರಿ ಅಂದಾರ. ನಾ ಬಾಗಲಾ ಹಾಕಿದೆ. ಹಾಕಿ, ಇದನ್ನ ಎತ್ಕೊಂಡು ಹೊರಗ ಬಂದೆ.

ಗೊತ್ತದ ನನಗ ಏನು ಕೇಳಲಿಕ್ಕೆ ಬಂದೀನಿ ಅಂತ. ಬಾಯಿ ಬಿಟ್ಟು ಹೇಳಸಬ್ಯಾಡ್ರಿ.

ಏಳಬ್ಯಾಡ್ರಿ. ಎಲ್ಲಿ ಹೊಂಟ್ರಿ? ಚಿಲಕಾ ಆ ಕಡೆ ಅದ... ಅದು ದೇವರ ಮಾಡ. ಅಕ್ಕಾ, ಕುಂಕುಮದ ಭರಣಿ ಯಾಕ?

ಕೂಡ್ಲಿಕ್ಕೆ ಮಣಿ ಯಾಕ ಹಾಕ್ತೀರಿ? ನಾ ಕೂಡೂದಿಲ್ಲ. ನಾ ಏನು ತವರಿಗೆ ಬಂದೀನೇನು ಉಡಿ ತುಂಬಿಸ್ಕೊಂಡು ಹೋಗ್ಲಿಕ್ಕೆ. ಅದು ಚಕ್ಲಿಗೆ ತಂದದ್ದು. ಆ ಕಾಯಿ ಚಕ್ಲಿದು, ಆ ಖಣ... ಅದು ಕೇತಕಿ ಲಗ್ನಕ್ಕಂತ ತಗೊಂಡಿಟ್ಟಿದ್ದು ಅಕ್ಕಾ. ಆಕಿಗೆ ತೋರಿಸಿರಲಿಲ್ಲ. ಬೈತಿದ್ಲು, ಈಗ್ಲೇ ಶುರು ಮಾಡಿದೇನಮ್ಮಾ ಅಂತ.

ಆತು. ಕೂತೆ. ಕೂತೀನಿ ನೋಡ್ರಿ.

ಓಢಣಿ ನಡೀತದೇನು? ಸೀರಿ ಸೆರಗಿಲ್ಲ. ಹ್ಯಾಂಗ ಹಿಡೀಲಿ... ಎರಡೂ ಕೈಲೇನಾ? ಎರಡೂ ಕೈಲೆ ಹಿಡದ್ರ ಇದರ ಹಗ್ಗಾ ಯಾರು ಹಿಡೀಬೇಕು?

ಹೋಗೂದಿಲ್ಲ ಅಂತೀರಾ.

ಬಿಟ್ಟೆ.

ಹೋಗಲಿಲ್ಲ ನೋಡ್ರಿ. ನನ್ನ ಕಾಲ ಮ್ಯಾಲೆ ಗದ್ದಾ ಇಟ್ಟು ಕೂತು. ಅಕ್ಕಾ, ಆಪರೇಶನ್ನಿಗೆ ನೀವೂ ಬರ್ತೀರೇನು? ಇವರಿಗೆ ನಾನ ಹೇಳ್ತೀನಿ, ಮಾಡಿಸೋಣ ಅಂತ. ಮನಿಗೆ ತಂದಮ್ಯಾಲೆ ಕೌದಿ ಬಿಚ್ಚಿ ಹಾಸ್ತೀನಿ ಇದಕ್ಕ. ಹೊಲಿಗಿ ಹಾಕಿರ್ತಾರ, ಮೆತ್ತಗ ಬೇಕಾಗ್ತದ. ವಾಸನಿ ಹೋದ್ರ... ಹೋಗ್ಲಿ, ಇದಕ್ಕ ಒಮ್ಮೆ ಸಿಗ್ಲಿ.

ಹಾಕ್ರಿ. ಹಿಡಕೊಂಡೀನಿ. ಸಾವಕಾಶ ಹಾಕ್ರಿ, ಕಾಯಿ ಭಾರ ಅದ.