ಕೊಂಬಿಗೆ ಬಳಿದ ಕೆಂಪು

ಪಶು ಆಸ್ಪತ್ರೆಯಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತವಳ ಕಿವಿಯೆಲ್ಲ ಪಕ್ಕದ ಇಬ್ಬರು ಮುದುಕರ ಮಾತಿನ ಮೇಲಿತ್ತು. ಇಬ್ಬರೂ ಹಿಂದೆ ದನಗಳಿಗೆ ಲಸಿಕೆ ಹಾಕುತ್ತಿದ್ದವರು. ಒಬ್ಬರ ಕಾಲ ಬಳಿ ನಾಯಿ.

"ಈಗೆಲ್ಲಾ ಕಂಪ್ಯೂಟರಲ್ಲೇ ಲೆಕ್ಕ ಕಣೋ."

"ನಾವು ಚುಚ್ಚಿದ ದನದ ಕೊಂಬಿಗೆ ಕೆಂಪು ಬಳೀತಿದ್ವಿ. ಸಂಜೆ ಮಂದೆ ಬರೋ ದಾರೀಲಿ ನಿಂತು ಎಣಿಸ್ತಿದ್ವಿ."

"ಆ ವರ್ಷ ಒಂದೂ ಬಿಡದೆ ಕೆಂಪು! ನೀನು ಕುಣಿದುಬಿಟ್ಟಿದ್ದೆ."

"ಸೂಜಿ ತಪ್ಪಿಸಿಕೊಂಡಿದ್ದಕ್ಕೂ ಮನೆಯವರೇ ಬಳಿದಿದ್ರು, ಜೋಡಿ ಎತ್ತು ಒಂದೇ ಥರ ಚೆನ್ನಾಗಿ ಕಾಣ್ಲಿ ಅಂತ."

"ಕಾಲುಬಾಯಿ ಜ್ವರ ಬಂದು ಕೆಂಪು ಕೊಂಬಿನವೇ ಮಲಗಿದಾಗ ಗೊತ್ತಾಯ್ತು."

"ಉಳಿದವಕ್ಕೆ ಚುಚ್ಚೋಕೆ ಮತ್ತೆ ಹಟ್ಟಿಹಟ್ಟಿ ಅಲೆದ್ವಿ. ಬೈಕೊಂಡೇ ಹಾಲು ಕೊಟ್ರು."

"ಆ ರುಚಿ ಇನ್ನೂ ನಾಲಿಗೆ ಮೇಲಿದೆ."

ಒಳಗಿಂದ ಕರೆ ಬಂತು. ನಾಯಿ ತಂದಿದ್ದವರು ಅದಕ್ಕೆ ಲಸಿಕೆ ಹಾಕಿಸಿಕೊಂಡು ಬಂದು ಬಾಗಿಲಲ್ಲಿ ನಿಂತು, ಬರಿಬೆರಳಿನಿಂದ ಅದರ ನೆತ್ತಿಗೆ ಬಣ್ಣ ಬಳಿಯುವಂತೆ ಸವರಿದರು.

"ಒಂದು," ಎಂದು ಎಣಿಸಿದರು ಇನ್ನೊಬ್ಬರು. ಇಬ್ಬರೂ ಹೊರಟರು.