ಏಳನೆಯ ಸ್ಲೈಡ್ ಕಪ್ಪು

ದೀಪ ಸಣ್ಣದು ಮಾಡಿ ಹತ್ತಿರ ಕೂತುಕೊಳ್ಳಿ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಇದು ನನ್ನ ತಮ್ಮನಿಗೆ, ಚಿಕ್ಕಮ್ಮನ ಮಗನಿಗೆ ಆದದ್ದು. ಅವನು ಇದನ್ನು ಹೇಳುವಾಗ ಪಕ್ಕದಲ್ಲಿ ನಾನಿದ್ದೆ, ದೇವರೂ ಇದ್ದ.

ಅವನು ಒಂದು ಸಣ್ಣ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ಆ ರಾತ್ರಿ ಮನೆಗೆ ಹೊರಟಾಗ ಹತ್ತೂವರೆ. ಆಸ್ಪತ್ರೆಯ ಹಿಂದೆ ಒಂದು ಹಳೇ ಬಾವಿ, ಬಾಯಿಗೆ ಕಬ್ಬಿಣದ ಮುಚ್ಚಳ. ಅದನ್ನು ದಾಟಿ ಎರಡು ಹೆಜ್ಜೆ ಇಟ್ಟಿದ್ದನಷ್ಟೆ...

ಟಕ್.

ಬೆರಳಿನ ಉಂಗುರ ಕಬ್ಬಿಣಕ್ಕೆ ತಾಗಿದ ಸದ್ದು. ಕಲ್ಲು ಬಿದ್ದದ್ದಲ್ಲ, ಮುಚ್ಚಳ ಅಲುಗಿದ್ದಲ್ಲ. ಅವನಿಗೆ ಆ ಸದ್ದು ಗೊತ್ತು. ಗೊತ್ತಿದ್ದರಿಂದಲೇ ಕಾಲು ನೆಲಕ್ಕೆ ಅಂಟಿತು.

ಅದು ದೊಡ್ಡಕ್ಕನ ಸದ್ದು. ಹಿರಿಯ ನರ್ಸ್ ಅವಳು. ಇಡೀ ಆಸ್ಪತ್ರೆಗೇ ದೊಡ್ಡಕ್ಕ. ಆಸ್ಪತ್ರೆಯ ಆಡಳಿತ ಸಮಿತಿಯಿಂದ ಏನೇ ಕೇಳಬೇಕಿದ್ದರೂ ಸ್ಲೈಡ್ ತೋರಿಸಿ ಮಾತಾಡುವವಳು ಅವಳೇ. ಕಿರಿಯರಿಗೆ ಕಲಿಸುವವಳೂ ಅವಳೇ. ಅವರು ಅಭ್ಯಾಸ ಮಾಡುವಾಗ ಸಭಾಂಗಣದ ಕೊನೆಯ ಸಾಲಲ್ಲಿ ಕೂತು, ಉಂಗುರದ ಬೆರಳಿಂದ ಕುರ್ಚಿಯ ಕಬ್ಬಿಣದ ಕೈ ತಟ್ಟುವಳು. ಎರಡು ಸಲ ತಟ್ಟಿದರೆ, ಮುಂದೆ ಹೋಗು. ಒಂದೇ ಸಲ ತಟ್ಟಿದರೆ, ನಿಲ್ಲು. ನನ್ನ ತಮ್ಮ ಸ್ಲೈಡಿನಲ್ಲಿದ್ದದ್ದನ್ನೇ ಗಿಳಿಪಾಠ ಒಪ್ಪಿಸಿದರೆ, "ಓದೋಕೆ ಅವರಿಗೂ ಕಣ್ಣಿದೆಯಪ್ಪಾ, ನೀನ್ಯಾಕೆ ಬಂದೆ?" ಅನ್ನುವಳಂತೆ.

ಆ ರಾತ್ರಿಗೆ ಒಂದು ವರ್ಷ ಮೊದಲು ಎರಡನೇ ಆಂಬುಲೆನ್ಸ್ ಕೇಳುವ ಸಭೆಯಿತ್ತು. ಅದರ ಹಿಂದಿನ ಸಂಜೆ ಅವಳ ಫೈಲನ್ನು ಅಚ್ಚುಕಟ್ಟು ಮಾಡಲು ಕೂತವನಿಗೆ ಏಳನೆಯ ಸ್ಲೈಡ್ ಬರೀ ಕಪ್ಪಾಗಿ ಕಂಡಿತು. ಒಂದಕ್ಷರವಿಲ್ಲ. ಮರೆತು ಬಿಟ್ಟಿರಬೇಕು ಅಂದುಕೊಂಡು ಅಳಿಸಿದ. ಆ ಜಾಗಕ್ಕೆ ಅಂಕಿಗಳ ಪಟ್ಟಿ ಕೂರಿಸಿದ. ಉಪಕಾರ ಮಾಡಿದೆ ಅಂತಲೇ ತಿಳಿದ, ಪಾಪ.

ಮರುದಿನ ಆರು ಸ್ಲೈಡ್ ಮುಗಿದವು. ಏಳನೆಯದಕ್ಕೆ ಗುಂಡಿ ಒತ್ತಿ ಅವಳು ಪರದೆಗೆ ಬೆನ್ನು ಮಾಡಿದಳು, ಒಂದು ಹೆಜ್ಜೆ ಮುಂದೆ ಬಂದಳು, ಬಾಯಿ ತೆರೆದಳು... ಎದುರಿದ್ದವರೆಲ್ಲ ಅವಳ ತಲೆಯ ಮೇಲಿಂದ ಅಂಕಿ ಓದುತ್ತಿದ್ದರು. ತಿರುಗಿ ನೋಡಿದಳು. ಹೇಳಬೇಕಾದ್ದನ್ನು ಬಿಟ್ಟು ಎಂಟನೆಯದಕ್ಕೆ ಗುಂಡಿ ಒತ್ತಿದಳು. ಆಂಬುಲೆನ್ಸ್ ಕೈತಪ್ಪಿತು.

ಹೊರಗೆ ಬಂದ ಮೇಲೆ ಅವಳು ಅಂದದ್ದು ಇಷ್ಟೇ. "ಮನುಷ್ಯರ ವಿಷಯ ಹೇಳುವಾಗ ಪರದೆ ಕತ್ತಲಾಗಿರಬೇಕು. ಆಗಲೇ ಜನ ಮುಖ ನೋಡೋದು."

ಅಳಿಸಿದವನು ನಾನೇ ಅನ್ನಲು ಇವನಿಗೆ ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ... ನಾಲ್ಕು ತಿಂಗಳಿಗೆ ದೇವರು ಅವಳನ್ನು ಕರೆದುಕೊಂಡ.

ಬಾವಿಯ ಬಳಿ ನಿಂತ ಆ ರಾತ್ರಿಗೆ ಮತ್ತೆ ಅದೇ ಬೇಡಿಕೆ. ಬೆಳಗಾದರೆ ಸಭೆ, ಮಾತಾಡಬೇಕಾದವನು ಇವನು. ಹದಿನಾಲ್ಕು ಸ್ಲೈಡ್ ತಯಾರಿದ್ದವು. ಹೆದರಿಕೆಗೆ ಒಂದೊಂದನ್ನೂ ಅಂಚಿನವರೆಗೆ ತುಂಬಿದ್ದ.

"ದೊಡ್ಡಕ್ಕಾ..." ತಿರುಗದೆಯೇ ಪಿಸುಗುಟ್ಟಿದ.

ಎಲೆ ಕೂಡ ಅಲ್ಲಾಡಲಿಲ್ಲ. ಮತ್ತೆ... ಟಕ್. ಒಂದೇ.

ಎಲ್ಲಿ ನಿಲ್ಲಬೇಕೆಂದು ಹೊಳೆಯಿತು, ಮನೆಗೆ ಹೋಗಿ ಏಳನೆಯದನ್ನು ಕಪ್ಪು ಮಾಡಿದ. ಆದರೆ ಅಲ್ಲಿ ಅವಳು ಯಾರ ವಿಷಯ ಹೇಳಲಿದ್ದಳೋ ಅವನಿಗೆ ತಿಳಿಯದು. ಬೆಳಗಿನವರೆಗೆ ಪ್ರಾರ್ಥನೆ ಮಾಡಿದನಂತೆ. ಮಾತು ಕೊಡು ಅಂತಲ್ಲ, ಧೈರ್ಯ ಕೊಡು ಅಂತ.

ಸಭೆಯಲ್ಲಿ ಆರು ದಾಟಿತು. ಪರದೆ ಕಪ್ಪಾಯಿತು. ಮುಖಗಳೆಲ್ಲ ಇವನತ್ತ ತಿರುಗಿದವು. ಪ್ರೊಜೆಕ್ಟರಿನ ಫ್ಯಾನು ಮಾತ್ರ ಗುಂಯ್ ಅನ್ನುತ್ತಿತ್ತು. ಗಾಬರಿಗೆ ಎಂಟನೆಯದಕ್ಕೆ ಓಡಲು ಗುಂಡಿಯ ಮೇಲೆ ಬೆರಳಿಟ್ಟ...

ಖಾಲಿಯಿದ್ದ ಕೊನೆಯ ಸಾಲಿಂದ, ಟಕ್.

ಬೆರಳು ತೆಗೆದ.

"ಇಲ್ಲಿ ದೊಡ್ಡಕ್ಕ ಯಾರದೋ ವಿಷಯ ಹೇಳಬೇಕಂತಿದ್ಲು," ಅಂದ. "ಹೋದ ವರ್ಷ ಈ ಸ್ಲೈಡ್ ಅಳಿಸಿದ್ದು ನಾನು. ಅವಳಿಗೆ ಹೇಳಲೇ ಇಲ್ಲ. ಅದು ಯಾರು ಅಂತ ನನಗೆ ಗೊತ್ತಿಲ್ಲ."

ಬಾಗಿಲ ಬಳಿ ಆಂಬುಲೆನ್ಸ್ ಡ್ರೈವರ್ ನಿಂತಿದ್ದ. ಮೆಲ್ಲಗೆ ಕೆಮ್ಮಿದ.

"ನನಗೆ ಗೊತ್ತು. ಅವಳ ತಂಗಿ, ಚೊಚ್ಚಲ ಹೆರಿಗೆ. ಇನ್ನೊಬ್ಬ ರೋಗೀನ ಇಳಿಸಿ ನಾನು ಅಲ್ಲಿ ಮುಟ್ಟೋ ಹೊತ್ತಿಗೆ ಒಂದು ಗಂಟೆ ತಡ ಆಗಿತ್ತು, ಹುಡುಗಿ ಉಳೀಲಿಲ್ಲ... ದೊಡ್ಡಕ್ಕ ಬೈಲಿಲ್ಲ. ನನಗೇ ನೀರು ಕೊಟ್ಲು."

ಉಳಿದ ಸ್ಲೈಡುಗಳನ್ನು ನನ್ನ ತಮ್ಮ ತೋರಿಸಲೇ ಇಲ್ಲ. ಆಂಬುಲೆನ್ಸ್ ಬಂತು, ಈಗಲೂ ಓಡುತ್ತಿದೆ.

ಆ ದಿನ ಸಭೆ ಮುಗಿದು ಎಲ್ಲರೂ ಹೋದ ಮೇಲೆ ಅವನು ಕೊನೆಯ ಸಾಲಿನ ಕಡೆ ಹೋದ. ಅಲ್ಲಿನವು ಸ್ಪ್ರಿಂಗಿನ ಕುರ್ಚಿಗಳು, ಕೂತವರು ಎದ್ದರೆ ತಾವೇ ಮಡಚಿಕೊಳ್ಳುತ್ತವೆ. ಕೊನೆಯ ಸಾಲೆಲ್ಲ ಮಡಚಿತ್ತು. ತುದಿಯದೊಂದು ಮಾತ್ರ ಭಾರ ಹೊತ್ತ ಹಾಗೆ ಕೆಳಗೇ ಇತ್ತು.

"ತಪ್ಪಾಯ್ತಕ್ಕ," ಅಂದ.

ಟಕ್ ಟಕ್.

ಆಮೇಲೆ ಕಿರ್ರ್... ಟಪ್. ಕುರ್ಚಿ ಮಡಚಿಕೊಂಡಿತು.

ಇಂಥದ್ದನ್ನು ಕಟ್ಟಿ ಹೇಳಿ ನಾನು ಯಾವ ಮುಖ ಹೊತ್ತು ದೇವರ ಮುಂದೆ ನಿಲ್ಲಲಿ? ಅವಳ ಆತ್ಮಕ್ಕೆ ಶಾಂತಿ ಬೇಡದೆ ನಾನು ಮಲಗುವುದಿಲ್ಲ. ಆ ಕುರ್ಚಿಯನ್ನೂ ನೋಡಿ ಬಂದಿದ್ದೇನೆ. ಕಬ್ಬಿಣದ ಕೈಯ ಮೇಲೆ ಒಂದು ಕಡೆ ಬಣ್ಣ ಹೋಗಿದೆ, ಉಂಗುರದಷ್ಟಗಲ. ಕಳೆದ ತಿಂಗಳಷ್ಟೇ ಎಲ್ಲ ಕುರ್ಚಿಗೂ ಹೊಸ ಬಣ್ಣ ಬಳಿದಿದ್ದಾರೆ.