ಮೂರು ಸಾಫ್ಟ್‌ವೇರ್ ಹೋಲಿಸಿದ ಡಾಕ್ಟರು

ಕೋಯಂಬೇಡಿನಲ್ಲಿ ಮೆಟ್ರೋ ಹತ್ತಿದ ವೃದ್ಧ ಡಾಕ್ಟರು ಮತ್ತು ಅವರ ಡಾಕ್ಟರ್ ಸೊಸೆ ನನ್ನ ಎದುರಿಗೇ ಕುಳಿತರು.

"ಕ್ಲಿನಿಕ್ಕಿಗೆ ಮೂರು ಸಾಫ್ಟ್‌ವೇರ್ ಯಾಕೆ ಹಾಕಿಸಿದ್ರಿ ಮಾವ?"

"ಹೋಲಿಸಿ ಒಂದನ್ನ ಆರಿಸೋಣ ಅಂತ. ಟ್ರಯಲ್ ಫ್ರೀ ಅಲ್ವೇನಮ್ಮಾ."

"ಪೇಷಂಟುಗಳ ವಿವರ ಯಾವುದರಲ್ಲಿ ಹಾಕಿದ್ರಿ?"

"ಮೂರಕ್ಕೂ ಹಂಚಿದೆ. ಯಾವುದಕ್ಕೂ ಅನ್ಯಾಯ ಆಗಬಾರದಲ್ಲ."

"ಅಯ್ಯೋ ರಾಮ! ನಿನ್ನೆ ಟ್ರಯಲ್ ಮುಗಿದು ಎಲ್ಲಾ ಅಳಿಸಿಹೋಗಿದೆ. ಹಳೇ ಕಾರ್ಡುಗಳು?"

"ಇನ್ಯಾಕೆ ಅಂತ ರದ್ದಿಗೆ ಹಾಕಿದೆ."

"ಪೆನಿಸಿಲಿನ್ ಆಗದೇ ಇರೋರು ಯಾರ್ಯಾರು?"

"ಮುಖ ನೋಡಿದ್ರೆ ನೆನಪಾಗತ್ತೆ."

"ನಿಮ್ಮ ಕಣ್ಣಿನ ಆಪರೇಷನ್ ಆಗಿ ವಾಸಿಯಾಗೋವರೆಗೆ ಕ್ಲಿನಿಕ್ಕಲ್ಲಿ ಕೂರೋಳು ನಾನು, ಮಾವ."

"ಹಾಗಾದ್ರೆ ಪೇಷಂಟುಗಳನ್ನೇ ಕೇಳಮ್ಮಾ."

"ಬೆಳಿಗ್ಗೆ ಬಂದವರನ್ನ ಕೇಳಿದೆ. 'ಅದೆಲ್ಲ ದೊಡ್ಡ ಡಾಕ್ಟರಿಗೇ ಗೊತ್ತು' ಅಂತಾರೆ."

ಕಣ್ಣಾಸ್ಪತ್ರೆಯಿರುವ ಎಗ್ಮೋರ್ ಬಂದಾಗ ಸೊಸೆ ಅವರ ಕೈ ಹಿಡಿದು ಇಳಿಸಿದಳು.